ಮಧ್ಯಾಹ್ನ ಫ್ರಿಜ್ ತೆಗೆಯಬಾರದು

14 ಫೆಬ್ರವರಿ 2025, ಶುಕ್ರವಾರ. ಸಬ್ಹಾನ್

ಫರ್ವಾನಿಯಾದ ಮನೆಯ ಬೀಗದ ಕೈಯನ್ನು ಇವತ್ತು ಬೆಳಿಗ್ಗೆ ಕಾವಲುಗಾರನಿಗೆ ಒಪ್ಪಿಸಿದೆವು. ಹತ್ತೊಂಬತ್ತು ವರ್ಷ ಇದ್ದ ಮನೆ. ಕಟ್ಟಡ ಹಳತಾಯಿತೆಂದು ಕೆಡವುತ್ತಿದ್ದಾರೆ. ಮೂವತ್ತೊಂದು ವರ್ಷ ಮಾಡಿದ ಎಸಿ ಮೆಕ್ಯಾನಿಕ್ ಕೆಲಸ ಜನವರಿಯಲ್ಲೇ ಖಲಾಸ್ ಆಗಿತ್ತು. ಇಲ್ಲಿ ಇರುವ ಪರವಾನಗಿ, ಇಕಾಮಾ, ಮಾತ್ರ ಜೂನ್ ಕೊನೆಯವರೆಗೆ ಇರಲಿ ಎಂದು ಕೆಲಸ ಕೊಟ್ಟ ಕಫೀಲ್ ದೊಡ್ಡ ಮನಸ್ಸು ಮಾಡಿದ್ದಾನೆ. ನಾಲ್ಕೂವರೆ ತಿಂಗಳಿಗಾಗಿ ಇನ್ನೊಂದು ಮನೆ ಹುಡುಕುವ ಬದಲು ವ್ಯಾನಿನಲ್ಲೇ ಇದ್ದುಬಿಡುವ, ಇಷ್ಟು ವರ್ಷ ಇದ್ದೂ ನೋಡದ ಈ ಕೊಲ್ಲಿ ದೇಶವನ್ನು ನಿಧಾನವಾಗಿ ನೋಡುವ, ಆಮೇಲೆ ಅದೇ ವ್ಯಾನಿನಲ್ಲಿ ಸೌದಿ ದಾಟಿ ಮಸ್ಕತ್ತಿನ ಮಗಳ ಮನೆಗೆ ಹೋಗುವ ಎಂದವನು ನಾನು. ಹೆಂಡತಿ ಕುಸುಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಒಲೆಯ ಮುಂದೆ ನಿಂತು, ಕಕ್ಕಸಿಗೆ ಎಂತ ಮಾಡುವುದು ಎಂದು ಕೇಳಿದಳು. ಒಪ್ಪಿಗೆ ಸಿಕ್ಕಿತೆಂದುಕೊಂಡೆ.

ವ್ಯಾನು ಮೊದಲು ಒಂದು ಬೇಕರಿಯದ್ದಾಗಿತ್ತು, ಖುಬ್ಬೂಸ್ ರೊಟ್ಟಿ ಸಾಗಿಸುತ್ತಿತ್ತು. ಬಿಸಿಲೇರಿದರೆ ಒಳಗಿನ ತಗಡಿನಿಂದ ಈಗಲೂ ಸುಟ್ಟ ಹಿಟ್ಟಿನ ವಾಸನೆ ಬರುತ್ತದೆ. ಹಲಗೆಯ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕ್, ಚಾವಣಿಯ ಮೇಲೆ ಎರಡು ಸೋಲಾರ್ ಹಲಗೆ, ಮಂಚದಡಿ ಎರಡು ಬ್ಯಾಟರಿ, ಬಾಗಿಲ ಬಳಿ ಆ ಬ್ಯಾಟರಿಯಲ್ಲೇ ಓಡುವ ಪುಟ್ಟ ಫ್ರಿಜ್. ಒಂದೊಂದು ಸ್ಕ್ರೂ ಕೂಡ ನನ್ನ ಕೈಯದ್ದೇ. ಕಕ್ಕಸಿನ ವ್ಯವಸ್ಥೆಯೂ ಆಗಿದೆ.

ಗ್ಯಾರೇಜಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ಪುಸ್ತಕ ಇಡುವುದು ನನ್ನ ಪದ್ಧತಿಯಾಗಿತ್ತು. ಏನು ಶಬ್ದ, ಎಲ್ಲಿ ಸೋರಿಕೆ, ಯಾವ ದಿನ ಏನು ಬದಲಿಸಿದ್ದು. ಇದು ಈ ಗಾಡಿಯ ಪುಸ್ತಕ. ಬೇರೆ ಯಾರೂ ಓದಲಿಕ್ಕಿಲ್ಲ. ಇವತ್ತು ಹಿಂದಿನ ಎಡ ಚಕ್ರದ ಕಡೆಯಿಂದ ಸಣ್ಣದೊಂದು ಕಿರುಗುಟ್ಟುವ ಶಬ್ದ. ಕುಸುಮಳಿಗೆ ಕೇಳಿಸುವುದಿಲ್ಲವಂತೆ. ನನಗೆ ಕೇಳಿಸುತ್ತದೆ.

22 ಫೆಬ್ರವರಿ, ಶನಿವಾರ. ಸುಬಿಯಾ

ಕೊಲ್ಲಿಯ ಮೇಲಿನ ಉದ್ದ ಸೇತುವೆ ದಾಟಿ ಬಂದೆವು. ಎರಡೂ ಕಡೆ ನೀರು. ಗಾಳಿ ವ್ಯಾನನ್ನು ಪಕ್ಕಕ್ಕೆ ತಳ್ಳಿದಂತಾಗುತ್ತಿತ್ತು. ಸ್ಟೇರಿಂಗ್ ಹಿಡಿದ ಕೈ ಸೇತುವೆ ಮುಗಿಯುವಷ್ಟರಲ್ಲಿ ಮರಗಟ್ಟಿತ್ತು. ಕುಸುಮ ಮಾತ್ರ ಹೊರಗೆ ನೋಡುತ್ತ ಹಕ್ಕಿಗಳನ್ನು ಎಣಿಸುತ್ತಿದ್ದಳು. ಅವಳಿಗೆ ಲೈಸೆನ್ಸ್ ಇದೆ. ಹಿಂದೆ ಮಗಳು ಶರಣ್ಯಾಳನ್ನು ಶಾಲೆಗೆ ಬಿಡಲು ಸಣ್ಣ ಕಾರು ಓಡಿಸುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಒಂದು ವೃತ್ತದಲ್ಲಿ ಯಾರದ್ದೋ ಗಾಡಿಗೆ ತಾಗಿಸಿದಳು. ಅವತ್ತು ನಾನು ಬೈದದ್ದು ಸ್ವಲ್ಪ ಜಾಸ್ತಿಯಾಗಿತ್ತೋ ಏನೋ. ಆಮೇಲೆ ಅವಳು ಸ್ಟೇರಿಂಗ್ ಮುಟ್ಟಲಿಲ್ಲ.

ಫ್ರಿಜ್ಜಿನಲ್ಲಿ ಇರುವುದರಲ್ಲಿ ಮುಖ್ಯವಾದದ್ದು ನನ್ನ ಇನ್ಸುಲಿನ್. ಮೂರು ತಿಂಗಳಿಗಾಗುವಷ್ಟು ಚುಚ್ಚುಮದ್ದಿನ ಪೆನ್ನುಗಳನ್ನು ಕ್ಲಿನಿಕ್ಕಿನಿಂದ ತಂದು ಸಾಲಾಗಿ ಜೋಡಿಸಿದ್ದೇನೆ. ಅದಕ್ಕೆಂದೇ ಒಂದು ನಿಯಮ ಮಾಡಿದ್ದೇನೆ, ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಫ್ರಿಜ್ಜಿನ ಬಾಗಿಲು ತೆಗೆಯಬಾರದು. ಒಮ್ಮೆ ತೆಗೆದರೆ ಒಳಗಿನ ತಂಪು ಸುರಿದು ಹೋಗುತ್ತದೆ, ಬ್ಯಾಟರಿಯ ಮೇಲೆ ಭಾರ ಬೀಳುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಾನೇ ಥರ್ಮಾಮೀಟರ್ ನೋಡುತ್ತೇನೆ. ಬೆಳಿಗ್ಗೆ 4, ಸಂಜೆ 5.

ಶರಣ್ಯಾ ಮಸ್ಕತ್ತಿನಿಂದ ಫೋನ್ ಮಾಡಿದ್ದಳು. ಜೂನ್ ಎರಡನೆಯ ವಾರಕ್ಕೆ ಹೆರಿಗೆಯ ದಿನ ಕೊಟ್ಟಿದ್ದಾರೆ. ಅಷ್ಟರೊಳಗೆ ಅಮ್ಮ ಬಂದಿರಬೇಕು ಎಂದಳು. ಬರುತ್ತೇವೆ ಎಂದೆ. ಫೋನಿಟ್ಟ ಮೇಲೆ ಮತ್ತೆ ಆ ಚಕ್ರದ ಯೋಚನೆ. ಸಾವಿರದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಅದು ತಡೆದೀತೇ?

9 ಮಾರ್ಚ್, ಭಾನುವಾರ. ಸಬ್ಹಾನ್

ಎರಡು ದಿನದಿಂದ ಬ್ಯಾಟರಿ ಬೇಗ ಇಳಿಯುತ್ತಿದೆ. ಮಧ್ಯಾಹ್ನ ಎರಡು ಫ್ಯಾನ್, ಜೊತೆಗೆ ಫ್ರಿಜ್. ಬ್ಯಾಟರಿ ಪೂರ್ತಿ ಬಿದ್ದುಹೋದರೆ ಮರಳುಗಾಡಿನಲ್ಲಿ ನಾವಿಬ್ಬರೂ ಏನು ಮಾಡುವುದು ಎಂಬ ಚಿಂತೆಯಲ್ಲಿ ಊಟ ರುಚಿಸಲಿಲ್ಲ. ಶಿಹಾಬ್‌ನ ಅಂಗಡಿಗೆ ಬಂದೆವು. ಉಳ್ಳಾಲದವನು, ಇಪ್ಪತ್ತು ವರ್ಷದ ಸ್ನೇಹ. ಇಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾನೆ. ಒಮ್ಮೆ ಎಲ್ಲ ಜೋಡಣೆ ಬಿಚ್ಚಿ ನೋಡುವ ದೇಜಣ್ಣ ಎಂದು ನನಗೆ ಹೇಳಿದ. ನಾನೇ ಜೋಡಿಸಿದ್ದು, ಅದರಲ್ಲಿ ನೋಡುವಂಥದ್ದೇನಿದೆ? ಅವನಿಂದ ಒಂದು ಕಟ್-ಆಫ್ ಮಾತ್ರ ತೆಗೆದುಕೊಂಡೆ. ಬ್ಯಾಟರಿಯ ಶಕ್ತಿ ಒಂದು ಮಟ್ಟಕ್ಕಿಂತ ಇಳಿದರೆ ಅದು ಫ್ರಿಜ್ಜಿಗೆ ಹೋಗುವ ಕರೆಂಟನ್ನು ತಾನಾಗಿ ನಿಲ್ಲಿಸುತ್ತದೆ, ಏರಿದರೆ ತಾನಾಗಿ ಕೊಡುತ್ತದೆ. ಮಟ್ಟವನ್ನು ಸ್ವಲ್ಪ ಮೇಲೆಯೇ ಇಟ್ಟೆ. ಬ್ಯಾಟರಿ ಉಳಿಯಬೇಕಲ್ಲ. ಈಗ ಮನಸ್ಸಿಗೆ ನಿರಾಳ.

ಬೆಳಿಗ್ಗೆ 5, ಸಂಜೆ 6.

16 ಮಾರ್ಚ್, ಭಾನುವಾರ. ಕಬ್ದ್

ಮರಳುಗಾಡಿನಲ್ಲಿ ಡೇರೆ ಹಾಕಲು ಬಿಡುವ ಕಾಲ ನಿನ್ನೆಗೆ ಮುಗಿಯಿತು. ನಾಲ್ಕು ತಿಂಗಳು ದೀಪ ಹಚ್ಚಿಕೊಂಡಿದ್ದ ಮರಳು ಒಂದೇ ದಿನದಲ್ಲಿ ಬೋಳಾಯಿತು. ನಮ್ಮದೊಂದೇ ಗಾಡಿ ನಿಂತಿತ್ತು. ಬೆಳಿಗ್ಗೆ ಪೊಲೀಸ್ ಗಾಡಿ ಬಂತು. ನಮ್ಮ ಸಿವಿಲ್ ಐಡಿಯಲ್ಲಿ ಇರುವುದು ಕೆಡವುತ್ತಿರುವ ಕಟ್ಟಡದ ವಿಳಾಸ. ಮನೆ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು? ಅವರು ಕೇಳಿದ್ದು ಇಷ್ಟೇ, ಕಸ ಎಲ್ಲಿ ಹಾಕಿದ್ದೀರಿ? ಕುಸುಮ ಕಟ್ಟಿಟ್ಟ ಚೀಲ ತೋರಿಸಿದಳು. ಇಲ್ಲಿ ನಿಲ್ಲಬೇಡಿ, ಕಡಲ ಕಡೆ ಹೋಗಿ ಎಂದು ಮರ್ಯಾದೆಯಿಂದಲೇ ಹೇಳಿದರು.

ಅವರು ಹೋದ ಮೇಲೂ ಒಂದು ಗಂಟೆ ಬಾಯಿ ಒಣಗಿಯೇ ಇತ್ತು. ರಂಜಾನಿನ ಉಪವಾಸದ ದಿನಗಳಾದ್ದರಿಂದ ಪರದೆ ಎಳೆದುಕೊಂಡು ಒಂದೇ ಸಮನೆ ನೀರು ಕುಡಿದೆ.

ಶರಣ್ಯಾಳಿಗೆ ವಿಳಾಸದ ವಿಷಯ ತಿಳಿಸಬಾರದು ಎಂದು ಕುಸುಮಳಿಗೆ ಹೇಳಿದ್ದೇನೆ.

28 ಮಾರ್ಚ್, ಶುಕ್ರವಾರ. ಖೈರಾನ್

ಕಡಲ ದಂಡೆ. ಮಧ್ಯಾಹ್ನ ಗಾಳಿ ಬಿಸಿ. ಸೋಲಾರ್ ಹಲಗೆಯ ಮೇಲೆ ದಿನಾ ಧೂಳು. ಏಣಿ ಹತ್ತಿ ಒರೆಸಲು ಹೋದೆ, ಎರಡನೆಯ ಮೆಟ್ಟಿಲಿಗೇ ಸುಸ್ತು. ಕುಸುಮ ಸೀರೆ ಎತ್ತಿ ಕಟ್ಟಿ ತಾನೇ ಹತ್ತಿ ಒರೆಸಿದಳು. ಬೀಳುತ್ತಾಳೆಂದು ಕೆಳಗೆ ನಿಂತು ಏಣಿ ಹಿಡಿದುಕೊಂಡೆ. ಹಲಗೆಯ ಅಂಚಿನ ಒಂದು ಬೋಲ್ಟ್ ಸಡಿಲ ಉಂಟು ಎಂದಳು. ಸರಿಯಾಗಿಯೇ ಹೇಳಿದ್ದಳು.

ಕನ್ನಡಕದ ನಂಬರು ಬದಲಾಗಿರಬೇಕು. ದೂರದ ಹಡಗುಗಳು ಎರಡೆರಡಾಗಿ ಕಾಣುತ್ತವೆ. ಧೂಳಿನ ಊರಿನಲ್ಲಿ ಕಣ್ಣು ಇಷ್ಟು ದಿನ ಉಳಿದದ್ದೇ ಹೆಚ್ಚು.

ನೀರಿನ ಟ್ಯಾಂಕ್ ನಾಲ್ಕು ದಿನಕ್ಕೆ ಬರುತ್ತಿದ್ದುದು ಈಗ ಎರಡೂವರೆ ದಿನಕ್ಕೆ ಖಾಲಿ. ಎಲ್ಲೋ ಸೋರಿಕೆ ಇದೆ. ಸಂಜೆಯೆಲ್ಲ ಕೊಳವೆಗಳ ಕೆಳಗೆ ಕಾಗದ ಹಾಸಿ ಪರೀಕ್ಷಿಸಿದೆ. ಒಂದು ಹನಿಯೂ ಇಲ್ಲ. ಇದೊಂದು ಹೊಸ ತಲೆನೋವು.

ಬೆಳಿಗ್ಗೆ 5, ಸಂಜೆ 7.

6 ಏಪ್ರಿಲ್, ಭಾನುವಾರ

ಕುಸುಮ ಬೆಳಿಗ್ಗೆ ಬೆಣ್ಣೆಯ ಪೊಟ್ಟಣ ತಂದು ನನ್ನ ಮುಂದೆ ಇಟ್ಟಳು. ಇಟ್ಟಿಗೆಯಂತೆ ಇದ್ದದ್ದು ಪೊಟ್ಟಣದ ಒಂದು ಮೂಲೆಗೆ ಹರಿದು ಅಲ್ಲೇ ಗಟ್ಟಿಯಾಗಿತ್ತು.

"ಇದು ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದಲ್ವಾ?" ಎಂದಳು.

ಅಂಗಡಿಯಲ್ಲೇ ಕರಗಿದ್ದಿರಬೇಕು ಎಂದೆ. ಮೊನ್ನೆ ತಂದಾಗ ಸರಿ ಇತ್ತು ಎಂದಳು. ಆಮೇಲೆ ತಲೆ ತಗ್ಗಿಸಿ, ನಿನ್ನೆ ನಾನು ಮಲಗಿದ್ದಾಗ ಎರಡು ಗಂಟೆಗೆ ಫ್ರಿಜ್ ತೆಗೆದು ನೋಡಿದ್ದಾಗಿ ಒಪ್ಪಿಕೊಂಡಳು. ಒಳಗೆ ಮೂವತ್ತನಾಲ್ಕು ಡಿಗ್ರಿ ಇತ್ತಂತೆ. ಬಾಗಿಲು ತೆಗೆದರೆ ಹೊರಗಿನ ಬಿಸಿ ಒಳಗೆ ಹೋಗುತ್ತದೆ, ಮುಳ್ಳು ಏರುತ್ತದೆ, ಅದಕ್ಕೇ ತೆಗೆಯಬಾರದು ಎಂದು ಹೇಳಿದ್ದು ಎಂದು ವಿವರಿಸಿದೆ. ಮೂವತ್ತೊಂದು ವರ್ಷ ಈ ಕೈ ತಂಪು ಮಾಡುವ ಕೆಲಸವನ್ನೇ ಮಾಡಿದೆ. ಬೆಣ್ಣೆ ನೋಡಿ ನನಗೆ ಪಾಠ ಹೇಳುವುದೇ?

ಸಂಜೆ ಸಬ್ಹಾನಿಗೆ ಓಡಿಸಿಕೊಂಡು ಬಂದ ಮೇಲೆ ನೋಡಿದೆ. 6 ಡಿಗ್ರಿ. ಅವಳಿಗೂ ತೋರಿಸಿದೆ.

12 ಏಪ್ರಿಲ್, ಶನಿವಾರ

ಸಕ್ಕರೆ ನೋಡುವ ಮೀಟರು 412 ಎಂದು ತೋರಿಸುತ್ತಿದೆ. ರಕ್ತದ ಹನಿ ಹಾಕುವ ಪಟ್ಟಿಗಳು ಶೆಖೆಗೆ ಹಾಳಾಗಿವೆ. ಇನ್ನು ಅದನ್ನು ನೋಡುವುದರಲ್ಲಿ ಅರ್ಥವಿಲ್ಲ.

17 ಏಪ್ರಿಲ್, ಗುರುವಾರ. ವಫ್ರಾ

ತೋಟಗಳ ನಡುವೆ ಎರಡು ದಿನ ಇರುವ ಎಂದು ಬಂದೆವು. ಸೌತೆಕಾಯಿ, ಬದನೆ, ಟೊಮೆಟೊ ಅಲ್ಲೇ ಕಿತ್ತು ಮಾರುತ್ತಾರೆ. ನಿಶ್ಚಿಂತೆಯಿಂದ ಕೂರಬಹುದಾದ ಜಾಗ. ನನಗೆ ಆಗಲಿಲ್ಲ. ಚಕ್ರದ ಶಬ್ದದ ಜೊತೆ ಈಗ ಎಂಜಿನ್ನಿನ ಬೆಲ್ಟಿನಿಂದಲೂ ಕೀಚಲು ಶಬ್ದ. ಹತ್ತು ನಿಮಿಷಕ್ಕೊಮ್ಮೆ ಬಾನೆಟ್ ಎತ್ತಿ ನೋಡುತ್ತೇನೆ, ನೋಡಿದ್ದೇನೆಂದು ಮರೆತು ಮತ್ತೆ ಎತ್ತುತ್ತೇನೆ.

ಡಾಕ್ಟರ ಹತ್ತಿರ ಹೋಗುವ ಎಂದು ಕುಸುಮ ನಾಲ್ಕನೆಯ ಸಲ ಹೇಳಿದಳು. ಬೆಲ್ಟಿನ ಶಬ್ದ ಕೇಳುತ್ತಿದ್ದೇನೆ, ಸ್ವಲ್ಪ ಸುಮ್ಮನಿರು ಎಂದು ಗದರಿದೆ. ಅವಳು ಸುಮ್ಮನಾಗಲಿಲ್ಲ.

"ಗಾಡಿಯ ಶಬ್ದ ಎಲ್ಲ ಕೇಳ್ತದೆ ನಿಮಗೆ. ನಾನು ಹೇಳಿದ್ದು ಒಂದು ಕೇಳುವುದಿಲ್ಲ."

ಕೂಗಿ ಹೇಳಿದ್ದಲ್ಲ. ಬದನೆಕಾಯಿ ಹೆಚ್ಚುತ್ತಾ ಹೇಳಿದ್ದು.

ಅವಳೂ ಈ ಓಡಾಟದಿಂದ ಸೋತಿರಬೇಕು. ಹೆಂಗಸರಿಗೆ ಇದು ಕಷ್ಟ.

20 ಏಪ್ರಿಲ್, ಭಾನುವಾರ

ಬೆಲ್ಟಿಗೆ ಇನ್ನೊಂದು ತೂತು ಹಾಕಿದೆ. ಎಂಜಿನ್ನಿನದ್ದಲ್ಲ, ಪ್ಯಾಂಟಿನದ್ದು. ಇದು ಮೂರನೆಯದು.

ಎಡಗಾಲಿನ ಕಿರುಬೆರಳ ಬಳಿ ಕಪ್ಪು ಗುಳ್ಳೆ. ಎಲ್ಲಿ ಸುಟ್ಟುಕೊಂಡೆನೋ ಗೊತ್ತಿಲ್ಲ, ಬಾಗಿಲ ತಗಡಿನ ಮೆಟ್ಟಿಲಿರಬಹುದು. ನೋವಿಲ್ಲ. ನೋವಿಲ್ಲದ್ದು ಒಳ್ಳೆಯದೇ.

24 ಏಪ್ರಿಲ್

ಗುರುವಾರ ಇರಬೇಕು. ಸಾಲ್ಮಿ ರಸ್ತೆಯಿಂದ ಒಳಗೆ ಮರಳಿನಲ್ಲಿ. ಎಂಜಿನ್ ಬೆಲ್ಟ್ ಹೋಯಿತು. ಹೊಸದು ಇದೆ, ಎಲ್ಲಿಟ್ಟೆನೋ. ಕೈ ನಡುಗುತ್ತದೆ. ಹುಡುಕಿದ ಹದಿಮೂರರ ಸ್ಪ್ಯಾನರ್ ನನ್ನ ಕೈಯಲ್ಲೇ ಇದೆ ಎನ್ನುತ್ತಾಳೆ ಕುಸುಮ. ವಾಂತಿ ಎರಡು ಸಲ. ನೀರು ಕುಡಿದಷ್ಟೂ ಸಾಲದು. ಸ್ವಲ್ಪ ಮಲಗಿ ಎದ್ದು ಹಾಕುತ್ತೇನೆ. ಅವಳು ಮುಟ್ಟಬಾರದು. ಮುಟ್ಟಿದರೆ ಹಾಳು

29 ಏಪ್ರಿಲ್, ಮಂಗಳವಾರ. ಆಸ್ಪತ್ರೆ

ನಾಲ್ಕು ದಿನದ ಪುಟ ಖಾಲಿ. ಇದರಲ್ಲಿ ಬರೆಯುವುದು ನನಗೆ ನೆನಪಿರುವುದಲ್ಲ, ಕುಸುಮ ಮತ್ತು ಶಿಹಾಬ್ ಹೇಳಿದ್ದು.

ನಾನು ಮಂಚದ ಮೇಲೆ ಮಲಗಿದವನು ಕರೆದರೆ ಎಚ್ಚರಾಗಲಿಲ್ಲವಂತೆ. ಕಣ್ಣು ಬಿಟ್ಟರೂ ಮಾತು ತೊದಲು. ಬೆಳಿಗ್ಗೆ ಹತ್ತು ಗಂಟೆ. ಡಾಂಬರು ರಸ್ತೆ ಅಲ್ಲಿಂದ ಒಂಬತ್ತು ಕಿಲೋಮೀಟರ್. ಕೆಳಗೆ ಫೋನಿಗೆ ಸಿಗ್ನಲ್ ಇಲ್ಲ. ಕುಸುಮ ಏಣಿ ಹತ್ತಿ ಸೋಲಾರ್ ಹಲಗೆಯ ಪಕ್ಕ ನಿಂತಾಗ ಸಿಕ್ಕಿತು. ಶಿಹಾಬ್‌ಗೆ ಹಚ್ಚಿದಳು. ಅವನು ಆಂಬುಲೆನ್ಸಿಗೆ ಹೇಳುತ್ತೇನೆ, ಆದರೆ ಮರಳಿನ ಒಳಗೆ ಅವರಿಗೆ ನಿಮ್ಮನ್ನು ಹುಡುಕುವುದು ಕಷ್ಟ, ಹೇಗಾದರೂ ರಸ್ತೆಗೆ ತನ್ನಿ ಎಂದ. ಬೆಲ್ಟ್ ಹಾಕದೆ ಓಡಿಸಿದರೆ ಎಂಜಿನ್ ಅರ್ಧ ದಾರಿಯಲ್ಲಿ ಕಾದು ನಿಂತುಹೋಗುತ್ತದೆ. ಆಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಅವಳು ಮೇಲೆ ಹತ್ತಿ ಒಂದು ಮಾತು ಕೇಳಿಕೊಂಡಳು, ಇಳಿದು ಅಷ್ಟು ಮಾಡಿದಳು, ಮತ್ತೆ ಹತ್ತಿದಳು. ಯಾವ ಬೋಲ್ಟ್ ಸಡಿಲಿಸಬೇಕು, ಬೆಲ್ಟ್ ಯಾವ ಗಾಲಿಗಳ ಮೇಲೆ ಕೂರಬೇಕು, ಬಿಗಿ ಎಷ್ಟಿರಬೇಕು. ಏಳು ಸಲ ಹತ್ತಿ ಇಳಿದಳೆಂದು ಶಿಹಾಬ್ ಎಣಿಸಿದ್ದಾನೆ. ಬೆಲ್ಟ್ ಎಳೆದು ಹಿಡಿಯಲು ಸಬ್ಬಲು ಬೇಕಿತ್ತು. ನನ್ನ ಸಾಮಾನಿನ ಪೆಟ್ಟಿಗೆಯಲ್ಲಿ ಅದು ಎಲ್ಲಿದೆಯೆಂದು ಅವಳಿಗೆ ಗೊತ್ತಿಲ್ಲ, ಪೆಟ್ಟಿಗೆ ಮುಟ್ಟಲು ನಾನು ಬಿಟ್ಟವನಲ್ಲ. ಚಪಾತಿಯ ಲಟ್ಟಣಿಗೆಯನ್ನು ಸಂದಿಗೆ ತುರುಕಿ ಮೈಯ ಭಾರವೆಲ್ಲ ಹಾಕಿ ಒತ್ತಿ ಹಿಡಿದು ಬೋಲ್ಟ್ ಬಿಗಿದಳು. ಕುಡಿಯುವ ನೀರನ್ನು ರೇಡಿಯೇಟರಿಗೆ ಸುರಿದಳು.

ಆಮೇಲೆ ಸ್ಟೇರಿಂಗ್ ಮುಂದೆ ಕೂತಳು. ಹನ್ನೊಂದು ವರ್ಷದ ಮೇಲೆ. ಮೂರು ಸಲ ಎಂಜಿನ್ ಬಂದ್ ಬಿತ್ತಂತೆ. ನಾಲ್ಕನೆಯ ಸಲ ಹೊರಟಿತು. ಮರಳಿನಲ್ಲಿ ನಿಲ್ಲಿಸಿದರೆ ಹೂತುಹೋಗುತ್ತದೆಂದು ನಾನು ಯಾವತ್ತೋ ಹೇಳಿದ್ದು ನೆನಪಿತ್ತಂತೆ, ಒಂಬತ್ತು ಕಿಲೋಮೀಟರ್ ಎಲ್ಲಿಯೂ ನಿಲ್ಲಿಸಲಿಲ್ಲ. ರಸ್ತೆಯಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ನನ್ನನ್ನು ಅದಕ್ಕೆ ಹಾಕಿದ ಮೇಲೆ ವ್ಯಾನನ್ನು ಅಲ್ಲೇ ಬಿಟ್ಟು ಬರಬಹುದಿತ್ತು. ಬಿಡಲಿಲ್ಲ. ಲಾರಿಗಳ ನಡುವೆ ಆಂಬುಲೆನ್ಸಿನ ಹಿಂದೆಯೇ ಆಸ್ಪತ್ರೆಯವರೆಗೆ ಓಡಿಸಿಕೊಂಡು ಬಂದಳು.

ಎಚ್ಚರವಾದಾಗ ನಾನು ಮೊದಲು ಕೇಳಿದ್ದು, ಗಾಡಿಗೆ ಎಲ್ಲಿಯಾದರೂ ತಾಗಿಸಿದೆಯಾ ಎಂದಂತೆ. ಇದೂ ನನಗೆ ನೆನಪಿಲ್ಲ. ಹೇಳಿದವನು ಶಿಹಾಬ್.

1 ಮೇ, ಗುರುವಾರ. ಆಸ್ಪತ್ರೆ

ನಿನ್ನೆ ಎಡಗಾಲಿನ ಕಿರುಬೆರಳು ತೆಗೆದರು. ಗುಳ್ಳೆ ಒಳಗೇ ಕೊಳೆತಿತ್ತು. ಉಳಿದ ಪಾದ ಉಳಿಯುತ್ತದೆ ಎಂದಿದ್ದಾರೆ. ಪ್ರತಿ ಸಲ ಗಾಯದ ಪಟ್ಟಿ ಬದಲಿಸುವಾಗ ಕತ್ತೆತ್ತಿ ನೋಡುತ್ತೇನೆ, ಇನ್ನೊಂದು ಬೆರಳೂ ಕಪ್ಪಾಗಿದೆಯೋ ಎಂದು.

ಈ ವಾರ್ಡಿನ ನರ್ಸ್ ಹೆಲೆನ್ ಶಿರ್ವದವರು. ನಮ್ಮ ಕಡೆಯ ಕನ್ನಡ ಕೇಳಿದ ಕೂಡಲೇ ಅರ್ಧ ಜೀವ ಬಂದಂತಾಯಿತು. ಬಂದಾಗ ರಕ್ತದಲ್ಲಿ ಸಕ್ಕರೆ ಆರುನೂರು ದಾಟಿತ್ತು, ಇನ್ನರ್ಧ ದಿನ ತಡವಾಗಿದ್ದರೆ ಕಷ್ಟ ಇತ್ತು ಎಂದರು. ದಿನಾ ಇನ್ಸುಲಿನ್ ಚುಚ್ಚಿಕೊಂಡವನಿಗೆ ಹೀಗೆ ಯಾಕಾಯಿತೆಂದು ಅವರಿಗೆ ಆಶ್ಚರ್ಯ.

"ಪೆನ್ ಎಲ್ಲಿ ಇಡ್ತಿದ್ರಿ ಅಂಕಲ್?"

ಫ್ರಿಜ್ಜಿನಲ್ಲೇ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೋಡುತ್ತಿದ್ದೆ, ಆರೇಳು ಡಿಗ್ರಿಗಿಂತ ಮೇಲೆ ಹೋದದ್ದಿಲ್ಲ ಎಂದೆ.

"ಮಧ್ಯಾಹ್ನ ನೋಡ್ತಿದ್ರಾ?"

ಮಧ್ಯಾಹ್ನ ಫ್ಯಾನ್ ಹಾಕಿದ ಕೂಡಲೇ ಬ್ಯಾಟರಿ ಇಳಿಯುವುದು, ನಾನು ಹಾಕಿದ ಕಟ್-ಆಫ್ ಫ್ರಿಜ್ಜನ್ನು ನಿಲ್ಲಿಸುವುದು, ಸಂಜೆ ಗಾಡಿ ಓಡಿಸಿ ಬ್ಯಾಟರಿ ಏರಿದಾಗ ಮತ್ತೆ ಶುರುವಾಗುವುದು, ನಾನು ಬಂದು ಐದು ಆರು ಎಂದು ಬರೆದುಕೊಳ್ಳುವುದು, ಎಲ್ಲವೂ ಒಂದೇ ಸಲ ಕಣ್ಣ ಮುಂದೆ ಬಂತು. ಏಳು ವಾರ ಔಷಧಿಯನ್ನು ಬೇಯಿಸಿ ಬೇಯಿಸಿ ಚುಚ್ಚಿಕೊಂಡಿದ್ದೇನೆ.

ಕುಸುಮ ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ಹೇಳಿದ್ದೆನಲ್ಲ ಎಂದು ಅವಳು ಒಂದು ಮಾತು ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅನ್ನಲಿಲ್ಲ. ಹೆಲೆನ್ ಹೋದ ಮೇಲೆ ನಾನೇ ಹೇಳಿದೆ, "ಬೆಣ್ಣೆ ಕರಗಿದ್ದು ಅಂಗಡಿಯಲ್ಲಲ್ಲ."

"ಗೊತ್ತುಂಟು," ಎಂದಳು. ಹೊದಿಕೆ ಸರಿ ಮಾಡಿದಳು.

10 ಮೇ, ಶನಿವಾರ. ಸಬ್ಹಾನ್

ಆಸ್ಪತ್ರೆಯಿಂದ ಬಿಟ್ಟು ನಾಲ್ಕು ದಿನವಾಯಿತು. ಶಿಹಾಬ್‌ನ ಅಂಗಡಿಯ ನೆರಳಿನಲ್ಲಿ ವ್ಯಾನ್, ಅವನ ಅಂಗಡಿಯ ಕರೆಂಟು. ಇನ್ಸುಲಿನ್ ಅವನ ದೊಡ್ಡ ಫ್ರಿಜ್ಜಿನಲ್ಲಿದೆ. ಕುಸುಮ ದಿನಕ್ಕೆ ಆರು ಸಲ ಹೋಗಿ ನೋಡಿ ಬರುತ್ತಾಳೆ.

ಇವತ್ತು ವೈರಿಂಗ್ ಬಿಚ್ಚಿದೆವು. ಬಿಚ್ಚಿದವಳು ಅವಳು. ನನಗೆ ಬಗ್ಗಲಾಗದು, ಕುರ್ಚಿಯಲ್ಲಿ ಕೂತು ಹೇಳಿಕೊಟ್ಟೆ. ಕಟ್-ಆಫ್ ಕಿತ್ತು ಹಾಕಿದ್ದಾಯಿತು, ಆದರೆ ಅದಕ್ಕೂ ಮೊದಲೇ ಬ್ಯಾಟರಿ ಯಾಕೆ ಇಳಿಯುತ್ತಿತ್ತು ಎಂಬುದು ತಿಳಿಯಬೇಕಿತ್ತು. ಕೆಂಪು ತಂತಿಯ ಜೋಡಣೆ ನೋಡು ಎಂದೆ. ಅವಳು ಟಾರ್ಚ್ ಹಿಡಿದು ಮಂಚದಡಿ ತೆವಳಿ ಹೋಗಿ, ಕೆಂಪು ಸರಿ ಉಂಟು, ಕಪ್ಪು ತಂತಿ ತಗಡಿಗೆ ಕೂತಲ್ಲಿ ಹಸಿರು ಹಿಡಿದಿದೆ ಎಂದಳು. ಅಲ್ಲಿ ಇರಲಿಕ್ಕಿಲ್ಲ, ಸರಿಯಾಗಿ ನೋಡು ಎಂದೆ. ಅವಳು ಫೋನಿನಲ್ಲಿ ಫೋಟೋ ತೆಗೆದು ಹೊರಗೆ ಚಾಚಿದಳು.

ಜೋಡಣೆ ಪೂರ್ತಿ ತುಕ್ಕು. ಬಣ್ಣ ಕೆರೆಯದೆ ತಗಡಿನ ಮೇಲೆ ಹಾಗೆಯೇ ಬೋಲ್ಟ್ ಬಿಗಿದಿದ್ದಾರೆ. ಹೊಸ ಹುಡುಗರು ಮಾಡುವ ತಪ್ಪು. ಬಿಗಿದದ್ದು ನಾನು. ಶಿಹಾಬ್ ಫೋಟೋ ನೋಡಿದ, ಚಹಾ ತರಲು ಹೋದ.

ಕುಸುಮ ಉಪ್ಪುಕಾಗದ ಹಿಡಿದು ತಗಡು ಹೊಳೆಯುವವರೆಗೆ ತಿಕ್ಕಿದಳು. ಇಷ್ಟು ಸಾಕಾ ಎಂದು ಎರಡು ಸಲ ಕೇಳಿದಳು. ಎರಡನೆಯ ಸಲ ನಾನು, ನಿನಗೆ ಹೇಗೆ ಕಾಣುತ್ತದೆ ಎಂದು ಕೇಳಿದೆ. ಸಾಕು ಎಂದಳು.

ಮಧ್ಯಾಹ್ನ ಒಂದಕ್ಕೆ ಅವಳು ವ್ಯಾನಿನ ಫ್ರಿಜ್ ತೆಗೆದು ನೋಡಿ ಹೇಳಿದ್ದು: 5. ಎರಡಕ್ಕೆ: 6. ಮೂರಕ್ಕೆ: 5.

13 ಮೇ, ಮಂಗಳವಾರ

ಒಂದಕ್ಕೆ 5. ಎರಡಕ್ಕೆ 6. ಮೂರಕ್ಕೆ 6.

ಆರು ಯಾಕೆ ಎಂದು ಕೇಳಿದೆ. ಈಗಷ್ಟೇ ಹಾಲು ಇಟ್ಟದ್ದು ಎಂದಳು.

19 ಮೇ, ಸೋಮವಾರ. ಸಬ್ಹಾನ್

ಶರಣ್ಯಾಳಿಗೆ ಕೊನೆಗೂ ಎಲ್ಲ ಹೇಳಬೇಕಾಯಿತು. ಬೆರಳು, ವಿಳಾಸ, ಎಲ್ಲ. ತುಂಬ ಅತ್ತಳು. ವ್ಯಾನ್ ಅಲ್ಲೇ ಬಿಟ್ಟು ವಿಮಾನ ಹತ್ತಿ ಬನ್ನಿ ಪಪ್ಪಾ ಎಂದಳು. ನನಗೂ ಅದೇ ಸರಿಯೆನಿಸಿತ್ತು. ಈ ಕಾಲಿಗೆ ಕ್ಲಚ್ ಒತ್ತಲಾಗದು, ಇನ್ನೆರಡು ತಿಂಗಳು ಆಗದು. ದಾರಿಯಲ್ಲಿ ಟಯರ್ ಒಡೆದರೆ? ಗಡಿಯಲ್ಲಿ ತಡೆದರೆ? ಪೆನ್ನುಗಳು ಮತ್ತೆ ಕಾದರೆ? ಗಾಡಿಯನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಶಿಹಾಬ್‌ಗೆ ಹೇಳಿಯೂ ಆಗಿತ್ತು.

ಕುಸುಮ ಅಕ್ಕಿ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಎದುರು ಕೂತಳು.

"ನಾನು ಬಿಡ್ತೇನೆ ಗಾಡಿ," ಎಂದಳು. "ಡಾಕ್ಟರತ್ರ ಕೇಳಿದ್ದೇನೆ. ಪಟ್ಟಿ ದಿನಾ ಬದಲಿಸಿದ್ರೆ ಹೋಗಬಹುದಂತೆ. ಬೆಳಿಗ್ಗೆ ಐದರಿಂದ ಹತ್ತರ ತನಕ ಮಾತ್ರ ಬಿಡುವುದು. ಆಮೇಲೆ ನೆರಳಲ್ಲಿ ನಿಲ್ಲಿಸುವುದು. ಆರು ದಿನ ಆದ್ರೆ ಆಗಲಿ."

ಅಷ್ಟು ದೂರ ನಿನ್ನಿಂದ ಆಗುತ್ತದಾ ಎಂದೆ.

"ಆಗ್ತದಾ ಇಲ್ವಾ ನೋಡುವ. ನೀವು ಬದಿಯಲ್ಲಿ ಕೂತುಕೊಳ್ಳಿ. ಬೈಯ್ಬೇಕು ಅಂತ ಕಂಡ್ರೆ ಬೈಯಿರಿ. ಸ್ಟೇರಿಂಗಿಗೆ ಕೈ ಹಾಕ್ಬಾರ್ದು."

ಹನ್ನೊಂದು ವರ್ಷದ ಹಿಂದಿನ ಆ ವೃತ್ತದ ಮಾತು ನಾವಿಬ್ಬರೂ ಎತ್ತಲಿಲ್ಲ. ನಾನು ಎತ್ತಬೇಕಿತ್ತೇನೋ.

ಒಂದು ವಾರದಿಂದ ಅವಳು ಬೆಳಗಾಗುವಾಗ ಒಬ್ಬಳೇ ಸಬ್ಹಾನಿನ ಖಾಲಿ ರಸ್ತೆಗಳಲ್ಲಿ ವ್ಯಾನ್ ತಿರುಗಿಸಿ ಅಭ್ಯಾಸ ಮಾಡುತ್ತಿದ್ದಾಳೆಂದು ಇವತ್ತು ಗೊತ್ತಾಯಿತು. ನಾನು ಅಂಗಡಿಯ ಒಳಗೆ ಮಲಗಿರುತ್ತೇನಲ್ಲ, ಕೇಳಿಸಿರಲಿಲ್ಲ.

25 ಮೇ, ಭಾನುವಾರ. ಸೌದಿ, ದಾರಿಯಲ್ಲಿ

ಬೆಳಿಗ್ಗೆ ಐದಕ್ಕೆ ಹೊರಟೆವು. ಶಿಹಾಬ್ ಬಂದು ಟಯರುಗಳನ್ನೆಲ್ಲ ನೋಡಿದ. ಅಪ್ಪಿಕೊಂಡಾಗ ಅವನ ಅಂಗಿಗೆ ಬೆಸುಗೆಯ ವಾಸನೆ. ಮೂವತ್ತೊಂದು ವರ್ಷದ ಮೇಲೆ ಅಲ್ಲಿಂದ ಬಿಡುವಾಗ ಅಳು ಬರಬಹುದು ಎಂದುಕೊಂಡಿದ್ದೆ. ಗಡಿಯ ಚಿಂತೆಯಲ್ಲಿ ಅದಕ್ಕೆ ಪುರುಸೊತ್ತಾಗಲಿಲ್ಲ.

ನುವೈಸೀಬ್ ಗಡಿಯಲ್ಲಿ ಸಾಲಿನಲ್ಲಿ ಮುಕ್ಕಾಲು ಗಂಟೆ. ಅಧಿಕಾರಿ ಕಿಟಕಿಯ ಬಳಿ ಬಗ್ಗಿ ಕಾಗದಗಳನ್ನು ನೋಡಿದ. ನನ್ನನ್ನು ನೋಡಿದ. ಡ್ರೈವರ್ ಯಾರು ಎಂದು ಕೇಳಿದ. ಗಾಡಿಯ ಕಾಗದ ಇರುವುದು ನನ್ನ ಹೆಸರಿನಲ್ಲಿ, ಅದಕ್ಕೇ ಕೇಳಿದ್ದಿರಬೇಕು. ಕುಸುಮ ನನ್ನ ಕಡೆ ತಿರುಗಿದಳು.

"ಮದಾಮ್," ಎಂದೆ.

ಫ್ರಿಜ್ ತೆರೆಯಲು ಹೇಳಿದ. ಪೆನ್ನುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಬಾಗಿಲು ತೆರೆದೇ ಇತ್ತು, ಮುಳ್ಳು ಎಂಟಕ್ಕೆ ಏರುವುದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಆಸ್ಪತ್ರೆಯ ಚೀಟಿ ಕೊಟ್ಟೆ. ಅವನ ತಾಯಿಗೂ ಇದೇ ಔಷಧಿಯಂತೆ. ಬೇಗ ಮುಚ್ಚಿ ಎಂದು ಅವನೇ ಹೇಳಿದ. ಯಲ್ಲಾ, ಹೊರಡಿ ಎಂದು ಕೈ ಬೀಸಿದ.

ಖಫ್ಜಿ ದಾಟಿದ ಮೇಲೆ ನೇರ ರಸ್ತೆ. ಅವಳು ಎಂಬತ್ತಕ್ಕಿಂತ ಮೇಲೆ ಹೋಗುವುದಿಲ್ಲ. ಇಷ್ಟು ನಿಧಾನವಾದರೆ ಲಾರಿಯವರು ಹಾರ್ನ್ ಹೊಡೆಯುತ್ತಾರೆ ಎಂದೆ. ಹೊಡೆಯಲಿ ಎಂದಳು. ಎಡಗಡೆ ಮರಳು, ಬಲಗಡೆ ಮರಳು, ನಡುನಡುವೆ ವಿದ್ಯುತ್ ಕಂಬ. ಕಂಬಗಳನ್ನು ನೋಡುತ್ತಿದ್ದೆ.

ಕಣ್ಣು ಬಿಟ್ಟಾಗ ಗಾಡಿ ಒಂದು ಪೆಟ್ರೋಲ್ ಪಂಪಿನ ನೆರಳಿನಲ್ಲಿ ನಿಂತಿತ್ತು. ದಮ್ಮಾಮ್ ಎಪ್ಪತ್ತು ಕಿಲೋಮೀಟರ್ ಎಂದು ಬೋರ್ಡು. ಅಂದರೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ನಾನು ನಿದ್ದೆ ಮಾಡಿದ್ದೇನೆ. ಓಡುವ ಗಾಡಿಯಲ್ಲಿ, ಇನ್ನೊಬ್ಬರು ಬಿಡುವಾಗ. ಹೀಗೆ ಯಾವತ್ತೂ ಆದದ್ದಿಲ್ಲ. ಮಾತ್ರೆಗಳ ಪ್ರಭಾವ ಇರಬೇಕು.

ಎಬ್ಬಿಸಬಾರದಿತ್ತಾ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಎಂತಕ್ಕೆ?" ಎಂದಳು.

ಅವಳು ಇಳಿದು ಹೋಗಿ ಟಯರುಗಳಿಗೆ ಒಂದೊಂದಾಗಿ ಅಂಗೈ ಒತ್ತಿ ಬಿಸಿ ನೋಡುತ್ತಿದ್ದಳು. ಬಿಸಿಲು ಆಗಲೇ ಜೋರಾಗಿತ್ತು. ನಾನು ಕುಂಟುತ್ತಾ ಹಿಂದೆ ಹೋಗಿ ಒಲೆ ಹಚ್ಚಿ ಇಬ್ಬರಿಗೂ ಚಹಾಕ್ಕೆ ನೀರಿಟ್ಟೆ.